ಜೋಡಿಯೇ ಆಟಗಾರ್ತಿ: ಹಾಂಗ್‌ಝೌ ಕಂಚಿನ ಸುತ್ತ ಕೆಲವು ಮಾತು

(ಮಹಿಳೆಯರ ಡಬಲ್ಸ್ ಟೇಬಲ್ ಟೆನಿಸ್ ಕುರಿತು ಬೆಂಗಳೂರಿನಲ್ಲಿ ಎಳೆಯ ಆಟಗಾರರು, ಅವರ ಪೋಷಕರು ಮತ್ತು ಕೋಚ್‌ಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಟೇಬಲ್ ಟೆನಿಸ್‌ಗೆ ಇದ್ದದ್ದು ಒಟ್ಟು ಏಳು ಚಿನ್ನ. ಆರನ್ನು ಚೀನಾ ಬಾಚಿಕೊಂಡಿತು. ಎರಡೂ ತಂಡ ವಿಭಾಗಗಳು, ಎರಡೂ ಸಿಂಗಲ್ಸ್, ಪುರುಷರ ಡಬಲ್ಸ್, ಮಿಶ್ರ ಡಬಲ್ಸ್, ಎಲ್ಲ ಅವರದೇ. ನೆಲ ಅವರದು, ನೋಡುವ ಜನ ಅವರವರು, ಆಟವೂ ಅವರ ಕೈವಶ. ಇದರಲ್ಲಿ ಅಚ್ಚರಿಪಡುವಂಥದ್ದು ಏನಿಲ್ಲ. ಕೈತಪ್ಪಿದ್ದು ಮಹಿಳೆಯರ ಡಬಲ್ಸ್ ಒಂದೇ. ಅಲ್ಲಿ ಚಿನ್ನ ಹೋಗಲಿ, ಬೆಳ್ಳಿಯೂ ಸಿಗಲಿಲ್ಲ, ಎರಡು ಕಂಚುಗಳಲ್ಲಿ ಒಂದೂ ದಕ್ಕಲಿಲ್ಲ.

ಚಿನ್ನ ದಕ್ಷಿಣ ಕೊರಿಯಾದ ಶಿನ್ ಯುಬಿನ್ ಮತ್ತು ಜಿಯೋನ್ ಜಿಹೀ ಅವರಿಗೆ, ಬೆಳ್ಳಿ ಉತ್ತರ ಕೊರಿಯಾದ ಚಾ ಸು ಯೋಂಗ್ ಮತ್ತು ಪಾಕ್ ಸು ಗ್ಯೋಂಗ್ ಅವರಿಗೆ. ಒಂದು ಕಂಚು ಜಪಾನಿನ ಮಿವಾ ಹರಿಮೊಟೊ ಮತ್ತು ಮಿಯು ಕಿಹಾರಾ ಅವರ ಪಾಲಾಯಿತು. ಇನ್ನೊಂದು ಕಂಚು ಪಶ್ಚಿಮ ಬಂಗಾಳದ ನೈಹಾಟಿಯ ಇಬ್ಬರು ಹೆಣ್ಣುಮಕ್ಕಳದ್ದು: ಸುತೀರ್ಥಾ ಮುಖರ್ಜಿ, ಅಯ್ಹಿಕಾ ಮುಖರ್ಜಿ. ಮನೆತನದ ಹೆಸರು ಒಂದೇ ಆದರೂ ಇಬ್ಬರೂ ಅಕ್ಕತಂಗಿಯರಲ್ಲ.

ಈ ಪದಕದ ತೂಕ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಏಷ್ಯನ್ ಕ್ರೀಡಾಕೂಟಕ್ಕೆ ಟೇಬಲ್ ಟೆನಿಸ್ ಬಂದದ್ದು 1958ರ ಟೋಕಿಯೊ ಕೂಟದಲ್ಲಿ. ಅಲ್ಲಿಂದ 60 ವರ್ಷ ಭಾರತಕ್ಕೆ ಈ ಆಟದಲ್ಲಿ ಪದಕವೆಂಬುದೇ ಇರಲಿಲ್ಲ. 2018ರ ಜಕಾರ್ತಾದಲ್ಲಿ ಪುರುಷರ ತಂಡಕ್ಕೊಂದು ಕಂಚು, ಶರತ್ ಕಮಲ್ ಮತ್ತು ಮಣಿಕಾ ಬಾತ್ರಾ ಅವರ ಮಿಶ್ರ ಡಬಲ್ಸ್‌ಗೊಂದು ಕಂಚು ಬಂತು. ಮಹಿಳೆಯರ ಡಬಲ್ಸ್‌ನಲ್ಲಿ ಹಾಂಗ್‌ಝೌದ ಕಂಚೇ ಮೊದಲನೆಯದು. ಆ ಕಂಚಿಗಾಗಿ ಕ್ವಾರ್ಟರ್ ಫೈನಲ್‌ನಲ್ಲಿ ಅವರು ದಾಟಬೇಕಾಗಿ ಬಂದದ್ದು ಯಾರನ್ನು? ಚೆನ್ ಮೆಂಗ್ ಮತ್ತು ವಾಂಗ್ ಯಿದಿ ಅವರನ್ನು. ಚೆನ್ ಮೆಂಗ್ ಟೋಕಿಯೊ ಒಲಿಂಪಿಕ್ಸ್‌ನ ಸಿಂಗಲ್ಸ್ ಚಿನ್ನ ಗೆದ್ದವರು. ಇಬ್ಬರೂ ಸೇರಿ 2023ರಲ್ಲೇ ಡರ್ಬನ್‌ನಲ್ಲಿ ಡಬಲ್ಸ್ ವಿಶ್ವ ಚಾಂಪಿಯನ್ ಆಗಿದ್ದವರು. ಸೆಪ್ಟೆಂಬರ್ 30ರ ಶನಿವಾರ ಮುಖರ್ಜಿ ಜೋಡಿ ಅವರನ್ನು 11-5, 11-5, 5-11, 11-9ರಿಂದ ಸೋಲಿಸಿತು. ಅದೇ ದಿನ ಸಿಂಗಲ್ಸ್‌ನಲ್ಲಿ ನಮ್ಮ ಮಣಿಕಾ ಇದೇ ವಾಂಗ್ ಯಿದಿಗೆ ಸೋತಿದ್ದರು ಎಂಬುದನ್ನೂ ನೆನಪಿಟ್ಟುಕೊಳ್ಳಿ.

ಈ ಗೆಲುವನ್ನು ಪವಾಡ ಎಂದವರಿದ್ದಾರೆ, ಅದೃಷ್ಟ ಎಂದವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಡಬಲ್ಸ್ ಎಂದರೆ ಇಬ್ಬರು ಒಳ್ಳೆಯ ಸಿಂಗಲ್ಸ್ ಆಟಗಾರ್ತಿಯರನ್ನು ಒಂದೇ ಕಡೆ ನಿಲ್ಲಿಸುವುದು ಎಂದುಕೊಂಡವರಿಗೆ ಮಾತ್ರ ಅದು ಪವಾಡವಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಜೋಡಿಯೇ ಒಬ್ಬ ಆಟಗಾರ್ತಿ. ಅವಳಿಗೆ ಅವಳದೇ ಬಾಲ್ಯ, ಅವಳದೇ ಅಭ್ಯಾಸ, ಅವಳದೇ ಬಲ ಮತ್ತು ದೌರ್ಬಲ್ಯ ಇರುತ್ತವೆ. ಇವತ್ತಿನ ನನ್ನ ಮಾತೆಲ್ಲ ಇದೊಂದರ ಸುತ್ತಲೇ.

ಮೊದಲು ಟೇಬಲ್ಲಿನಿಂದ ಶುರು ಮಾಡೋಣ. ಸಿಂಗಲ್ಸ್‌ಗೂ ಡಬಲ್ಸ್‌ಗೂ ಟೇಬಲ್ ಒಂದೇ: ಉದ್ದ 2.74 ಮೀಟರ್, ಅಗಲ 1.525 ಮೀಟರ್. ಶಟಲ್ ಬ್ಯಾಡ್ಮಿಂಟನ್‌ನಲ್ಲಿ, ಟೆನಿಸ್‌ನಲ್ಲಿ ಡಬಲ್ಸ್‌ಗೆ ಅಂಕಣ ಅಗಲವಾಗುತ್ತದೆ. ಇಲ್ಲಿ ಒಂದು ಇಂಚೂ ಹೆಚ್ಚುವುದಿಲ್ಲ. ಇನ್ನೂ ಒಂದು ಕಟ್ಟಳೆ ಇದೆ. ಟೆನಿಸ್‌ನಲ್ಲಿ ಚೆಂಡು ಯಾರ ಹತ್ತಿರ ಬಂತೋ ಅವರು ಹೊಡೆಯಬಹುದು. ಇಲ್ಲಿ ಒಬ್ಬರಾದ ಮೇಲೆ ಒಬ್ಬರು, ಸರದಿಯ ಮೇಲೇ ಹೊಡೆಯಬೇಕು. ಜೊತೆಗಾರ್ತಿ ತನಗಿಂತ ಅನುಕೂಲದ ಜಾಗದಲ್ಲಿ ನಿಂತಿದ್ದರೂ ಬಿಟ್ಟುಕೊಡುವಂತಿಲ್ಲ. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಿ ಕುಟ್ಟುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬಳ ಒನಕೆ ಏಳುವ ಹೊತ್ತಿಗೇ ಇನ್ನೊಬ್ಬಳದು ಇಳಿಯಬೇಕು. ಒಂದು ಕ್ಷಣ ತಪ್ಪಿದರೂ ಒನಕೆಗೆ ಒನಕೆ ತಾಗುತ್ತದೆ.

ಹಾಗಾಗಿ ಡಬಲ್ಸ್‌ನ ಅರ್ಧ ಆಟ ಕಾಲಿನದು. ಹೊಡೆದ ಕೂಡಲೇ ಜಾಗ ಖಾಲಿ ಮಾಡಬೇಕು, ಮತ್ತೆ ತನ್ನ ಸರದಿಗೆ ಬಂದು ನಿಲ್ಲಬೇಕು. ಒಬ್ಬರು ಬಲಗೈ, ಒಬ್ಬರು ಎಡಗೈಯವರಾದರೆ ಇದು ಸಲೀಸು. ಒಬ್ಬರು ಎಡಕ್ಕೆ ಸರಿದರೆ ಇನ್ನೊಬ್ಬರು ಬಲದಿಂದ ಬರುತ್ತಾರೆ, ಯಾರಿಗೂ ಯಾರೂ ಅಡ್ಡವಿಲ್ಲ. ಹಾಂಗ್‌ಝೌದಲ್ಲಿ ಚಿನ್ನ ಗೆದ್ದ ಕೊರಿಯಾ ಜೋಡಿ ಇಂಥದ್ದೇ: ಶಿನ್ ಬಲಗೈ, ಜಿಯೋನ್ ಎಡಗೈ. ಸುತೀರ್ಥಾ ಮತ್ತು ಅಯ್ಹಿಕಾ ಇಬ್ಬರದೂ ಬಲಗೈ. ಪ್ರತಿ ಹೊಡೆತಕ್ಕೂ ಒಬ್ಬರನ್ನೊಬ್ಬರು ಸುತ್ತಿ ಬರಬೇಕಾದ ಕಷ್ಟದ ಜೋಡಿ ಅದು. ಇಬ್ಬರು ಬಲಗೈಯವರು ಡಿಕ್ಕಿ ಹೊಡೆಯದೆ ಹೀಗೆ ಸುತ್ತುವುದು ವರ್ಷಗಟ್ಟಲೆ ಜೊತೆಗೆ ಆಡಿದ ಮೇಲೆ ಮಾತ್ರ ಬರುವಂಥದ್ದು.

ಇನ್ನು ಸರ್ವ್. ಸಿಂಗಲ್ಸ್‌ನಲ್ಲಿ ಟೇಬಲ್ಲಿನ ಯಾವ ಮೂಲೆಗಾದರೂ ಸರ್ವ್ ಮಾಡಬಹುದು. ಡಬಲ್ಸ್‌ನಲ್ಲಿ ನಡುವೆ ಎಳೆದ 3 ಮಿಲಿಮೀಟರ್ ಅಗಲದ ಬಿಳಿ ಗೆರೆ ಲೆಕ್ಕಕ್ಕೆ ಬರುತ್ತದೆ. ನಮ್ಮ ಬಲ ಅರ್ಧದಿಂದ ಎದುರಾಳಿಯ ಬಲ ಅರ್ಧಕ್ಕೆ, ಕೋನಾಕೋನಿಯಾಗಿ, ಅಷ್ಟೇ. ಸರ್ವ್ ಎಲ್ಲಿಗೆ ಬರುತ್ತದೆಂದು ಎದುರಿನವರಿಗೆ ಮೊದಲೇ ಗೊತ್ತು. ಅದಕ್ಕಾಗಿಯೇ ಸರ್ವ್ ಮಾಡುವವಳು ಟೇಬಲ್ಲಿನ ಕೆಳಗೆ ಬೆರಳಿನಲ್ಲಿ ಸನ್ನೆ ಮಾಡುತ್ತಾಳೆ: ಯಾವ ಸ್ಪಿನ್, ಗಿಡ್ಡವೋ ಉದ್ದವೋ. ಸರ್ವ್ ಒಬ್ಬಳದು, ಆದರೆ ಅದಕ್ಕೆ ಬರುವ ಮೊದಲ ಉತ್ತರವನ್ನು ಎದುರಿಸುವವಳು ಅವಳ ಜೊತೆಗಾರ್ತಿ. ಏನು ಹೋಯಿತು ಎಂದು ತಿಳಿಯದಿದ್ದರೆ ಏನು ಬರುತ್ತದೆ ಎಂದೂ ತಿಳಿಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ರಬ್ಬರ್. ಕೋಚ್‌ಗಳಿಗೆ ಇದೆಲ್ಲ ಗೊತ್ತು, ಪೋಷಕರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮಕ್ಕಳ ಬ್ಯಾಟಿನ ಎರಡೂ ಕಡೆ ಇರುವುದು ಸಾಮಾನ್ಯವಾಗಿ ನುಣುಪಾದ, ಚೆಂಡನ್ನು ಹಿಡಿದುಕೊಳ್ಳುವ ರಬ್ಬರ್. ಅದರಿಂದ ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ಉರುಳುವ ಹಾಗೆ ಸುತ್ತುವ ಸುತ್ತು, ಹುಟ್ಟುತ್ತದೆ, ಈ ಕಾಲದ ಆಟವೆಲ್ಲ ನಿಂತಿರುವುದು ಅದರ ಮೇಲೆ. ಅಯ್ಹಿಕಾ ಬ್ಯಾಕ್‌ಹ್ಯಾಂಡ್ ಕಡೆ ಹಾಕಿಕೊಂಡಿರುವುದು ಆಂಟಿ-ಸ್ಪಿನ್ ರಬ್ಬರ್. ಅದೂ ನೋಡಲು ನುಣುಪು, ಆದರೆ ಚೆಂಡನ್ನು ಹಿಡಿಯುವುದಿಲ್ಲ, ಜಾರಿಸುತ್ತದೆ. ಎದುರಾಳಿ ಬಲವಾಗಿ ಟಾಪ್‌ಸ್ಪಿನ್ ಹಾಕಿ ಕಳಿಸಿದ ಚೆಂಡು ಇದಕ್ಕೆ ತಾಗಿ ಅದೇ ದಿಕ್ಕಿಗೆ ಸುತ್ತುತ್ತಲೇ ವಾಪಸ್ ಹೋಗುತ್ತದೆ. ಚೆಂಡು ಹಿಂದಿರುಗಿದ್ದರಿಂದ ಅದು ಎದುರಾಳಿಯ ಪಾಲಿಗೆ ಬ್ಯಾಕ್‌ಸ್ಪಿನ್, ಅಂದರೆ ಹಿಮ್ಮುಖ ಸುತ್ತು, ಆಗಿಬಿಡುತ್ತದೆ. ವೇಗವೂ ಸತ್ತಿರುತ್ತದೆ. ಸುತೀರ್ಥಾ ಬ್ಯಾಕ್‌ಹ್ಯಾಂಡ್‌ನಲ್ಲಿ ಪಿಂಪಲ್ಸ್ ರಬ್ಬರ್, ಅಂದರೆ ಮೇಲೆ ಸಣ್ಣ ಸಣ್ಣ ಉಬ್ಬುಗಳಿರುವ ರಬ್ಬರ್, ಬಳಸುತ್ತಾರೆ. ಅದರ ಗುಣ ಬೇರೆ, ತೊಂದರೆ ಕೊಡುವ ರೀತಿಯೂ ಬೇರೆ.

ಇದರಲ್ಲಿ ಮೋಸವೇನೂ ಇಲ್ಲ. ಬ್ಯಾಟಿನ ಎರಡು ಬದಿಗೆ ಎರಡು ಬಣ್ಣ ಇರಬೇಕೆಂದು 1980ರ ದಶಕದಲ್ಲಿ ನಿಯಮ ಬಂದದ್ದೇ ಇಂಥ ರಬ್ಬರ್‌ಗಳಿಂದಾಗಿ. ಯಾವ ಬದಿಯಿಂದ ಹೊಡೆದರು ಎಂದು ಎದುರಿನವರಿಗೆ ಕಾಣಬೇಕಲ್ಲ. ಪಂದ್ಯಕ್ಕೆ ಮೊದಲು ಬ್ಯಾಟನ್ನು ಎದುರಾಳಿಯ ಕೈಗೆ ಕೊಟ್ಟು ತೋರಿಸಲೂಬೇಕು. ಚೆನ್ ಮೆಂಗ್‌ಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಮೊದಲ ಎರಡು ಗೇಮ್‌ಗಳಲ್ಲಿ ಐದೈದೇ ಪಾಯಿಂಟ್ ಬಂದದ್ದು ಯಾಕೆ?

ಇಲ್ಲಿ ನಿಧಾನವಾಗಿ ಕೇಳಿಸಿಕೊಳ್ಳಿ. ಸಿಂಗಲ್ಸ್‌ನಲ್ಲಿ ಆಂಟಿ ರಬ್ಬರ್ ಎದುರಾದರೆ ಒಂದು ದಾರಿಯಿದೆ. ನಾನು ಈಗಷ್ಟೇ ಎಷ್ಟು ಟಾಪ್‌ಸ್ಪಿನ್ ಹಾಕಿದೆ ಎಂದು ನನ್ನ ಕೈಗೆ ಗೊತ್ತು. ವಾಪಸ್ ಬರುವುದು ನನ್ನದೇ ಸ್ಪಿನ್‌ನ ತಿರುಗುಮುರುಗು. ಹಾಗಾಗಿ ಲೆಕ್ಕ ಹಾಕಬಹುದು. ಡಬಲ್ಸ್‌ನಲ್ಲಿ ಟಾಪ್‌ಸ್ಪಿನ್ ಹಾಕಿದವಳು ನನ್ನ ಜೊತೆಗಾರ್ತಿ, ಅದರ ಫಲ ಉಣ್ಣಬೇಕಾದವಳು ನಾನು. ಅವಳು ಎಷ್ಟು ಜೋರಾಗಿ ಉಜ್ಜಿದಳು ಎಂಬುದು ಅವಳ ಮಣಿಕಟ್ಟಿಗೆ ಗೊತ್ತೇ ಹೊರತು ನನ್ನ ಮಣಿಕಟ್ಟಿಗಲ್ಲ. ಅದನ್ನು ಕಣ್ಣಿನಿಂದ ಓದಬೇಕು, ಓದುತ್ತಾ ಜಾಗವನ್ನೂ ಬದಲಿಸಬೇಕು. ಅದರ ಮೇಲೆ ಅಯ್ಹಿಕಾ ಒಂದು ಹೊಡೆತವನ್ನು ಆಂಟಿಯಲ್ಲಿ, ಮುಂದಿನದನ್ನು ಫೋರ್‌ಹ್ಯಾಂಡ್‌ನ ಹಿಡಿತದ ರಬ್ಬರಿನಲ್ಲಿ ಹೊಡೆಯುತ್ತಾರೆ, ನಡುವೆ ಸುತೀರ್ಥಾ ಪಿಂಪಲ್ಸ್ ತಾಗಿಸುತ್ತಾರೆ. ಒಂದು ರ್‍ಯಾಲಿಯಲ್ಲಿ ನಾಲ್ಕು ಚೆಂಡು ಬಂದರೆ ನಾಲ್ಕೂ ಬೇರೆ ಬೇರೆ ಗುಣದವು. ಜಗತ್ತಿನ ಅತಿ ಶ್ರೇಷ್ಠ ಟಾಪ್‌ಸ್ಪಿನ್ ಇದ್ದವರಿಗೇ ಇದರಿಂದ ಹೆಚ್ಚು ಕಷ್ಟ, ಯಾಕೆಂದರೆ ಹೆಚ್ಚು ಸ್ಪಿನ್ ಕಳಿಸಿದಷ್ಟೂ ಹೆಚ್ಚು ಸ್ಪಿನ್ ತಿರುಗಿ ಬರುತ್ತದೆ.

ಇದು ಯಾರೋ ಒಂದು ಸಂಜೆ ಕೂತು ಹೂಡಿದ ತಂತ್ರವೂ ಅಲ್ಲ. ಇಬ್ಬರೂ ನೈಹಾಟಿಯಲ್ಲಿ ಮಿಹಿರ್ ಘೋಷ್ ಎಂಬ ಕೋಚ್ ಹತ್ತಿರ ಆಟ ಕಲಿತವರು. ನೈಹಾಟಿ ಕೋಲ್ಕತ್ತಾದ ಉತ್ತರಕ್ಕೆ, ಹೂಗ್ಲಿ ನದಿಯ ದಡದಲ್ಲಿ, ಸೆಣಬಿನ ಗಿರಣಿಗಳ ನಡುವೆ ಇರುವ ಊರು. ಆಮೇಲೆ ಕೋಲ್ಕತ್ತಾದಲ್ಲಿ ಸೌಮ್ಯದೀಪ್ ರಾಯ್ ಮತ್ತು ಪೌಲೋಮಿ ಘಟಕ್ ದಂಪತಿಯ ಅಕಾಡೆಮಿಯಲ್ಲಿ ಪಳಗಿದರು. ಪೌಲೋಮಿಯವರು 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಮೌಮಾ ದಾಸ್ ಜೊತೆ ಮಹಿಳೆಯರ ಡಬಲ್ಸ್ ಕಂಚು ಗೆದ್ದವರು. ಅದೇ ಮೌಮಾ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಮಣಿಕಾ ಜೊತೆ ಬೆಳ್ಳಿ ಗೆದ್ದರು. ಬಂಗಾಳದಲ್ಲಿ ಡಬಲ್ಸ್ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಾ ಬಂದಿದೆ. ಕರ್ನಾಟಕದವರಾದ ನಾವು ಅದನ್ನು ಗಮನವಿಟ್ಟು ನೋಡಬೇಕು.

ಇನ್ನೂ ಒಂದು ಸಾಕ್ಷಿ ಕೊಡುತ್ತೇನೆ. ಹಾಂಗ್‌ಝೌಗೆ ಮೊದಲು, 2023ರ ಜೂನ್‌ನಲ್ಲಿ, ಟ್ಯುನಿಸ್‌ನ ಡಬ್ಲ್ಯುಟಿಟಿ (ವರ್ಲ್ಡ್ ಟೇಬಲ್ ಟೆನಿಸ್) ಕಂಟೆಂಡರ್ ಟೂರ್ನಿಯನ್ನು ಈ ಜೋಡಿ ಗೆದ್ದಿತ್ತು. ಸೆಮಿಫೈನಲ್‌ನಲ್ಲಿ ಶಿನ್ ಮತ್ತು ಜಿಯೋನ್ ಅವರನ್ನು, ಫೈನಲ್‌ನಲ್ಲಿ ಹರಿಮೊಟೊ ಮತ್ತು ಕಿಹಾರಾ ಅವರನ್ನು ಸೋಲಿಸಿ. ಅಂದರೆ ಹಾಂಗ್‌ಝೌದಲ್ಲಿ ಚಿನ್ನ ಗೆದ್ದ ಜೋಡಿಯನ್ನೂ, ಜೊತೆಗೆ ಕಂಚು ಹಂಚಿಕೊಂಡ ಜೋಡಿಯನ್ನೂ ಒಂದೇ ಟೂರ್ನಿಯಲ್ಲಿ ಮೊದಲೇ ಮಣಿಸಿಯಾಗಿತ್ತು. 2024ರ ಫೆಬ್ರವರಿಯಲ್ಲಿ ಬೂಸಾನ್‌ನ ವಿಶ್ವ ತಂಡ ಚಾಂಪಿಯನ್‌ಷಿಪ್‌ನಲ್ಲಿ ಅಯ್ಹಿಕಾ ವಿಶ್ವದ ಒಂದನೇ ಸ್ಥಾನದ ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಸ್ತಾನಾದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಈ ಜೋಡಿಗೆ ಮತ್ತೆ ಕಂಚು. ಇಷ್ಟಾದ ಮೇಲೂ ಅದೃಷ್ಟ ಎನ್ನುವುದು ಅವರ ದುಡಿಮೆಗೆ ಮಾಡುವ ಅನ್ಯಾಯ.

ಸೋತ ಪಂದ್ಯದ ಬಗ್ಗೆಯೂ ಹೇಳಬೇಕು. ನನಗೆ ಅದು ಗೆದ್ದ ಪಂದ್ಯಕ್ಕಿಂತ ಹೆಚ್ಚು ಕಲಿಸುತ್ತದೆ.

ಅಕ್ಟೋಬರ್ 2ರ ಸೆಮಿಫೈನಲ್. ಎದುರಿಗೆ ಉತ್ತರ ಕೊರಿಯಾದ ಚಾ ಮತ್ತು ಪಾಕ್. ಕೋವಿಡ್ ನಂತರ ಉತ್ತರ ಕೊರಿಯಾ ಹೊರಜಗತ್ತಿನ ದೊಡ್ಡ ಕೂಟಕ್ಕೆ ಮರಳಿದ್ದೇ ಹಾಂಗ್‌ಝೌದಲ್ಲಿ. ಟೋಕಿಯೊ ಒಲಿಂಪಿಕ್ಸ್‌ಗೂ ಅವರು ಬಂದಿರಲಿಲ್ಲ. ಈಗಿನ ಕಾಲದಲ್ಲಿ ಎದುರಾಳಿಯ ವಿಡಿಯೊ ನೋಡದೆ ಯಾರೂ ಟೇಬಲ್ಲಿಗೆ ಇಳಿಯುವುದಿಲ್ಲ. ಈ ಜೋಡಿಯ ವಿಷಯದಲ್ಲಿ ನೋಡಲು ಸಿಗುವಂಥದ್ದು ಬಹಳ ಕಡಿಮೆ. ಏಳು ಗೇಮ್‌ಗಳ ಪಂದ್ಯ. ಸ್ಕೋರ್ ಹೇಳುತ್ತೇನೆ, ಬರೆದುಕೊಳ್ಳಿ: 7-11, 11-8, 7-11, 11-8, 11-9, 5-11, 2-11.

ಮೊದಲ ನಾಲ್ಕು ಗೇಮ್‌ಗಳನ್ನು ನೋಡಿ. ಸೋಲು, ಗೆಲುವು, ಸೋಲು, ಗೆಲುವು. ಇದು ಆಕಸ್ಮಿಕ ಇರಬಹುದು, ಆದರೆ ಡಬಲ್ಸ್ ಬಲ್ಲವರು ಇಂಥ ಸಾಲನ್ನು ಕಂಡ ಕೂಡಲೇ ಸರದಿಯನ್ನು ನೋಡುತ್ತಾರೆ. ಒಂದು ಗೇಮ್‌ನಲ್ಲಿ ಚೆಂಡು ಸುತೀರ್ಥಾರಿಂದ ಚಾಗೆ, ಚಾರಿಂದ ಅಯ್ಹಿಕಾಗೆ, ಅಯ್ಹಿಕಾರಿಂದ ಪಾಕ್‌ಗೆ, ಪಾಕ್‌ರಿಂದ ಮತ್ತೆ ಸುತೀರ್ಥಾಗೆ ಹೋಗುತ್ತದೆ ಎಂದುಕೊಳ್ಳಿ. ಆ ಗೇಮ್ ಮುಗಿಯುವವರೆಗೂ ಅಯ್ಹಿಕಾರ ಆಂಟಿ ಚೆಂಡು ಬೀಳುವುದು ಪಾಕ್ ಒಬ್ಬರ ಮೇಲೆಯೇ. ಮುಂದಿನ ಗೇಮ್‌ನಲ್ಲಿ ನಿಯಮದ ಪ್ರಕಾರ ಸರದಿ ತಿರುಗುತ್ತದೆ. ಹಿಂದಿನ ಗೇಮ್‌ನಲ್ಲಿ ನಾನು ಯಾರಿಗೆ ಹೊಡೆಯುತ್ತಿದ್ದೆನೋ ಈಗ ಅವರ ಚೆಂಡನ್ನು ನಾನು ತೆಗೆದುಕೊಳ್ಳಬೇಕು. ಆಗ ಆಂಟಿ ಚೆಂಡು ಚಾ ಪಾಲಿಗೆ. ಒಂದು ಸರದಿಯಲ್ಲಿ ನಮ್ಮ ಹೊಡೆತ ಅವರಿಗೆ ಕಷ್ಟ, ಇನ್ನೊಂದರಲ್ಲಿ ಅವರದು ನಮಗೆ ಕಷ್ಟ. ಆ ನಾಲ್ಕು ಗೇಮ್‌ಗಳ ಸ್ಕೋರ್ ನನಗೆ ಹೇಳುವುದು ಇದನ್ನೇ.

ಐದನೇ ಗೇಮ್‌ನಲ್ಲಿ ಸರದಿ ಮತ್ತೆ ಮೊದಲ ಮತ್ತು ಮೂರನೇ ಗೇಮ್‌ನದೇ. ಅದನ್ನು ನಮ್ಮವರು 11-9ರಿಂದ ಗೆದ್ದರು. ಇಡೀ ಪಂದ್ಯದಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಗೇಮ್ ಅದು, ಒಗ್ಗದ ಸರದಿಯಲ್ಲಿ ಗೆದ್ದದ್ದು. ಆದರೆ ಆರನೆಯದರಲ್ಲಿ, ಅನುಕೂಲದ್ದೆಂದುಕೊಂಡಿದ್ದ ಸರದಿಯಲ್ಲಿ, 5-11. ಅಷ್ಟು ಹೊತ್ತಿಗೆ ಕೊರಿಯಾದವರು ಚೆಂಡನ್ನು ಓದಲು ಕಲಿತಿದ್ದರು. ಇಂಥ ರಬ್ಬರ್‌ಗಳ ಮಿತಿ ಇದೇ. ಎದುರಾಳಿಗೆ ಹೊತ್ತು ಸಿಕ್ಕಷ್ಟೂ ಅವುಗಳ ಗುಟ್ಟು ತಿಳಿಯುತ್ತಾ ಹೋಗುತ್ತದೆ. ಹೆಚ್ಚೆಂದರೆ ಐದು ಗೇಮ್‌ಗಳ ಕ್ವಾರ್ಟರ್ ಫೈನಲ್‌ನಲ್ಲಿ ಚೀನಾದವರಿಗೆ ಆ ಹೊತ್ತು ಸಿಗಲಿಲ್ಲ, ಏಳು ಗೇಮ್‌ಗಳ ಸೆಮಿಫೈನಲ್‌ನಲ್ಲಿ ಇವರಿಗೆ ಸಿಕ್ಕಿತು. ಕೊನೆಯ ಗೇಮ್‌ನಲ್ಲಿ ಮೊದಲು ಐದು ಪಾಯಿಂಟ್ ಮುಟ್ಟಿದಾಗ ನಡುವೆಯೇ ಸರದಿ ಬದಲಾಗುತ್ತದೆ. ಆಗಲೂ ಉಳಿಸಿಕೊಳ್ಳಲಾಗಲಿಲ್ಲ.

ಫೈನಲ್‌ನಲ್ಲಿ ಎರಡು ಕೊರಿಯಾಗಳು ಎದುರುಬದುರಾದವು. ಶಿನ್ ಮತ್ತು ಜಿಯೋನ್ 4-1ರಿಂದ ಗೆದ್ದರು. 2002ರ ಬೂಸಾನ್ ನಂತರ, 21 ವರ್ಷಗಳಾದ ಮೇಲೆ, ಏಷ್ಯನ್ ಕೂಟದ ಟೇಬಲ್ ಟೆನಿಸ್‌ನಲ್ಲಿ ದಕ್ಷಿಣ ಕೊರಿಯಾಗೆ ಬಂದ ಚಿನ್ನ ಅದು. 1988ರಲ್ಲಿ ಸೋಲ್ ಒಲಿಂಪಿಕ್ಸ್‌ಗೆ ಈ ಆಟ ಮೊದಲ ಬಾರಿ ಬಂದಾಗ ಮಹಿಳೆಯರ ಡಬಲ್ಸ್ ಚಿನ್ನ ಗೆದ್ದವರೂ ದಕ್ಷಿಣ ಕೊರಿಯಾದವರೇ, ಹ್ಯುನ್ ಜಂಗ್ ಹ್ವಾ ಮತ್ತು ಯಾಂಗ್ ಯಂಗ್ ಜಾ. ಅದೇ ಹ್ಯುನ್ 1991ರಲ್ಲಿ ಜಪಾನಿನ ಚಿಬಾದಲ್ಲಿ ಉತ್ತರದ ರಿ ಪುನ್ ಹುಯಿ ಜೊತೆ ಒಂದೇ ಧ್ವಜದಡಿ ಆಡಿ, ಒಗ್ಗೂಡಿದ ಕೊರಿಯಾ ತಂಡಕ್ಕೆ ಚೀನಾ ವಿರುದ್ಧ ವಿಶ್ವ ಪ್ರಶಸ್ತಿ ತಂದುಕೊಟ್ಟರು. ಅದರ ಕಥೆಯೇ ಒಂದು ಪ್ರತ್ಯೇಕ ಉಪನ್ಯಾಸಕ್ಕಾಗುವಷ್ಟಿದೆ.

ಒಲಿಂಪಿಕ್ಸ್ ಮಾತು ಬಂದದ್ದರಿಂದ ಹೇಳುತ್ತೇನೆ. 1992ರಿಂದ 2004ರವರೆಗೆ ಮಹಿಳೆಯರ ಡಬಲ್ಸ್‌ನ ನಾಲ್ಕೂ ಚಿನ್ನ ಚೀನಾಕ್ಕೆ ಹೋದವು. 2008ರ ಬೀಜಿಂಗ್‌ನಲ್ಲಿ ಡಬಲ್ಸ್ ತೆಗೆದು ತಂಡ ಸ್ಪರ್ಧೆ ಇಟ್ಟರು. ಆಮೇಲೆ ಒಂದು ಪೀಳಿಗೆಯ ಹೆಣ್ಣುಮಕ್ಕಳಿಗೆ ಡಬಲ್ಸ್ ಎಂದರೆ ಏಷ್ಯನ್ ಕೂಟ, ಕಾಮನ್‌ವೆಲ್ತ್, ವಿಶ್ವ ಚಾಂಪಿಯನ್‌ಷಿಪ್ ಅಷ್ಟೇ. 2024ರ ಪ್ಯಾರಿಸ್‌ಗೆ ಭಾರತದ ಮಹಿಳಾ ತಂಡ ಮೊದಲ ಬಾರಿ ಅರ್ಹತೆ ಪಡೆದಾಗ ಮೂವರ ಪಟ್ಟಿಯಲ್ಲಿ ಮುಖರ್ಜಿ ಜೋಡಿಯ ಹೆಸರಿರಲಿಲ್ಲ, ಅಯ್ಹಿಕಾ ಮೀಸಲು ಆಟಗಾರ್ತಿ ಮಾತ್ರ. ಆಡಿದ ಮೂವರ ಬಗ್ಗೆ ನನಗೆ ಗೌರವವಿದೆ, ಅವರು ಚೆನ್ನಾಗಿಯೇ ಆಡಿದರು. ಆದರೂ ವಿಶ್ವ ಚಾಂಪಿಯನ್ನರನ್ನು ಸೋಲಿಸಿದ ಜೋಡಿಗೆ ಜೋಡಿಯಾಗಿ ನಿಲ್ಲಲು ಅಲ್ಲಿ ಜಾಗವೇ ಇರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಆ ಮೂವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್. ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯಲ್ಲಿ ಮೊದಲ ಪಂದ್ಯವೇ ಡಬಲ್ಸ್. ರೊಮೇನಿಯಾ ವಿರುದ್ಧ ಶ್ರೀಜಾ ಅಕುಲಾ ಮತ್ತು ಅರ್ಚನಾ 3-0ಯಿಂದ ಗೆದ್ದು ದಾರಿ ತೆರೆದರು, ಭಾರತ 3-2ರಿಂದ ಕ್ವಾರ್ಟರ್ ಫೈನಲ್ ತಲುಪಿತು. ಜರ್ಮನಿ ಎದುರು 1-3ರಿಂದ ಸೋತಾಗ ಆ ಒಂದು ಗೆಲುವು ಅರ್ಚನಾರದು. ಅದಕ್ಕೂ ಮೊದಲು, 2021ರಲ್ಲಿ, ಅವರು ಮಣಿಕಾ ಜೊತೆ ಹ್ಯೂಸ್ಟನ್ ವಿಶ್ವ ಚಾಂಪಿಯನ್‌ಷಿಪ್‌ನ ಡಬಲ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ಆಡಿದ್ದರು. ಮಣಿಕಾ ಜೊತೆ ಒಂದು ಜೋಡಿ, ಶ್ರೀಜಾ ಜೊತೆ ಇನ್ನೊಂದು. ಪ್ಯಾರಿಸ್ ನಂತರ ಅರ್ಚನಾ ಓದಿಗಾಗಿ ಅಮೆರಿಕಕ್ಕೆ ಹೋದರು, ಆ ನಿರ್ಧಾರ ಪೂರ್ತಿ ಅವರದು. ನನಗೆ ಅನಿಸುವುದು ಇಷ್ಟೇ: ಚಿಕ್ಕ ವಯಸ್ಸಿನಿಂದ ಒಬ್ಬಳೇ ಜೊತೆಗಾರ್ತಿಯ ಪಕ್ಕ ಬೆಳೆಯುವ ಅವಕಾಶ ನೈಹಾಟಿಯ ಇಬ್ಬರಿಗೆ ಸಿಕ್ಕ ಹಾಗೆ ನಮ್ಮ ಮಕ್ಕಳಿಗೆ ಸಿಕ್ಕಿಲ್ಲ.

2028ರ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಡಬಲ್ಸ್ ಒಲಿಂಪಿಕ್ಸ್‌ಗೆ ಮರಳುತ್ತಿದೆ. ಪುರುಷರ ಮತ್ತು ಮಹಿಳೆಯರ ತಂಡ ಸ್ಪರ್ಧೆಗಳು ಹೋಗಿ ಎರಡೂ ಡಬಲ್ಸ್ ಮತ್ತು ಒಂದು ಮಿಶ್ರ ತಂಡ ಸ್ಪರ್ಧೆ ಬರುತ್ತವೆ. ಸಿಂಗಲ್ಸ್ ರ್‍ಯಾಂಕಿಂಗ್ ನೋಡಿ ಕೊನೆ ಗಳಿಗೆಯಲ್ಲಿ ಇಬ್ಬರನ್ನು ಕೂಡಿಸುವ ಪದ್ಧತಿಯಿಂದ ಅಲ್ಲಿ ಏನೂ ಆಗುವುದಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ತಾಯಿ ಕೇಳಿದರು: “ಸರ್, ನನ್ನ ಮಗಳಿಗೆ ಹತ್ತು ವರ್ಷ. ಈಗಲೇ ಆಂಟಿ ರಬ್ಬರ್ ಹಾಕಿಸಿಬಿಡೋಣವಾ?”

ಬೇಡಮ್ಮಾ ಎಂದೆ. ಮೊದಲು ಎರಡೂ ಕಡೆ ಮಾಮೂಲಿ ರಬ್ಬರ್ ಇರಲಿ. ಸ್ಪಿನ್ ಹಾಕುವುದು, ಸ್ಪಿನ್ ಓದುವುದು ಎರಡೂ ಕೈಗೆ ಬರಬೇಕು. ಸ್ಪಿನ್ ಅರ್ಥವಾಗದ ಮಗುವಿನ ಕೈಗೆ ಆಂಟಿ ಕೊಟ್ಟರೆ ಅವಳು ಚೆಂಡನ್ನು ಸುಮ್ಮನೆ ತಡೆಯುವುದನ್ನಷ್ಟೇ ಕಲಿಯುತ್ತಾಳೆ. ಶಾಲಾ ಮಟ್ಟದಲ್ಲಿ ನಾಲ್ಕು ಕಪ್ ಬರಬಹುದು, ಮುಂದೆ ಆಟ ಬೆಳೆಯುವುದಿಲ್ಲ. ಬದಲಾಯಿಸುವ ಮಾತು ಅವಳ ಕೈಗುಣ ನೋಡಿ, ಆಮೇಲೆ, ಕೋಚ್ ಜೊತೆ ಕೂತು.

ಒಬ್ಬ ಯುವ ಕೋಚ್ ಕೇಳಿದರು: “ನಮ್ಮಲ್ಲಿ ಇರುವುದು ಮೂರೇ ಟೇಬಲ್. ಸಿಂಗಲ್ಸ್‌ಗೇ ಸಾಲುವುದಿಲ್ಲ. ಡಬಲ್ಸ್ ಅಭ್ಯಾಸ ಎಲ್ಲಿ ಮಾಡಿಸೋದು?”

ಅವರ ಕಷ್ಟ ನಿಜವಾದದ್ದು. ಆದರೆ ಒಂದು ಟೇಬಲ್ಲಿಗೆ ಸಿಂಗಲ್ಸ್‌ನಲ್ಲಿ ಇಬ್ಬರು, ಡಬಲ್ಸ್‌ನಲ್ಲಿ ನಾಲ್ವರು. ಟೇಬಲ್ ಕಡಿಮೆ ಇರುವ ಕಡೆಯೇ ಡಬಲ್ಸ್ ಹೆಚ್ಚು ಆಡಿಸಬೇಕು. ವಾರದಲ್ಲಿ ಎರಡು ಸಂಜೆ ಬರೀ ಡಬಲ್ಸ್‌ಗೆ ಇಡಿ. ಜೋಡಿಗಳನ್ನು ಒಂದು ವರ್ಷವಾದರೂ ಬದಲಿಸಬೇಡಿ, ಜಗಳವಾಡಿಕೊಂಡರೂ ಬದಲಿಸಬೇಡಿ. ಒಂದು ಬುಟ್ಟಿ ಚೆಂಡು ಇಟ್ಟುಕೊಂಡು ನೀವೇ ಎದುರಿಗೆ ನಿಂತು ಒಂದಾದ ಮೇಲೊಂದು ಕೊಡುತ್ತಾ ಹೋಗಿ. ಮೊದಲ ತಿಂಗಳು ಪಾಯಿಂಟ್ ಎಣಿಸಬೇಡಿ, ಹೊಡೆದವಳು ಜಾಗ ಬಿಟ್ಟಳೇ ಎಂಬುದನ್ನಷ್ಟೇ ನೋಡಿ. ಎರಡನೇ ತಿಂಗಳಿಂದ ಪ್ರತಿ ಸರ್ವ್‌ಗೂ ಬೆರಳಿನ ಸನ್ನೆ ಕಡ್ಡಾಯ ಮಾಡಿ. ಮತ್ತು ಪ್ರತಿ ಗೇಮ್ ಮುಗಿದ ಮೇಲೆ ಇಬ್ಬರನ್ನೂ ಕರೆದು ಕೇಳಿ: ಈ ಸರದಿಯಲ್ಲಿ ಯಾರ ಚೆಂಡು ಯಾರಿಗೆ ಕಷ್ಟವಾಯಿತು? ಉತ್ತರವನ್ನು ಅವರ ಕೈಯಿಂದಲೇ ಒಂದು ನೋಟ್ ಪುಸ್ತಕದಲ್ಲಿ ಬರೆಸಿ.